ಗಾನಯಂತ್ರವನ್ನು ಕೊಂಡ ವಿಚಾರ

ಸಂಸಾರಿಗಳಾದ ನಾವು ಒಂದು ವಸ್ತುವನ್ನು ಮನೆಗೆ ತರುವಾಗ ಎರಡು ವಿಧವಾದ ತಪ್ಪುಗಳನ್ನು ಮಾಡುವುದುಂಟು. ಬೆಲೆ ಹೆಚ್ಚಾದುದೇ ಮೇಲಾದುದೆಂದು ನಂಬಿ ಸಾಲಮಾಡಿ ತರುವುದು ಒಂದು. ಬೆಲೆ ಕಡಿಮೆಯಾದುದೇ ಲಾಭವೆಂದು ಹಿಗ್ಗಿ ತಂದು, ಆಮೇಲೆ ಅದರ ಎರಡರಷ್ಟನ್ನು ತೆರುವುದು ಇನ್ನೊಂದು. ಮೊದಲನೆಯ ತಪ್ಪಿಗೆ ನಮ್ಮ ಕೈ ಎಂದೂ ಅವಕಾಶವನ್ನು ಕೊಟ್ಟಿಲ್ಲ. ಎರಡನೆಯದನ್ನು ಮಾತ್ರ ನಾವು ಧಾರಾಳವಾಗಿ ಮಾಡಿದ್ದೇವೆ. ಅಂಥ ತಪ್ಪೊಂದರ ಕಥೆಯನ್ನೂ ಅದನ್ನು ತಕ್ಕಮಟ್ಟಿಗೆ ತಿದ್ದಿಕೊಂಡ ಬಗೆಯನ್ನೂ ವಾಚಕರ ಮುಂದಿಟ್ಟರೆ, ನಮ್ಮ ಹಾಗೆಯೇ ಅಟ್ಟದ ಮೇಲೆ ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಇಟ್ಟುಕೊಂಡಿರತಕ್ಕ ಗೃಹಸ್ಥರಿಗೆ ಏನಾದರೂ ಪ್ರಯೋಜನವಾದೀತೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ನಮ್ಮ ತಂದೆಯವರು ತೀರಿಕೊಂಡು ಐದು ವರ್ಷಗಳಾದುವು. ಅವರು ಬಿಟ್ಟುಹೋದ ಆಸ್ತಿಯಲ್ಲಿ ಮೈಸೂರಿನ ಈ ಹಳೆಯ ಮನೆಯೊಂದು, ಹೊನ್ನೆಯ ಮರದ ಪೆಟ್ಟಿಗೆಯೊಂದು. ಪೆಟ್ಟಿಗೆಯ ತುಂಬ ಸಂಗೀತದ ಪ್ಲೇಟುಗಳು. ಎಣಿಸಿ ನೋಡಿದರೆ ಅರುವತ್ತೆರಡು. ಅವುಗಳಲ್ಲಿ ನಲವತ್ತಮೂರು, ನಿಮಿಷಕ್ಕೆ ೩೩⅓ ಸುತ್ತು ತಿರುಗತಕ್ಕ ದೊಡ್ಡ ಎಲ್‌ಪಿ ಪ್ಲೇಟುಗಳು. ಮಿಕ್ಕ ಹತ್ತೊಂಬತ್ತು, ೭೮ ಸುತ್ತು ತಿರುಗತಕ್ಕ ಹಳೆಯ ಅರಗಿನ ಪ್ಲೇಟುಗಳು. ಎಲ್‌ಪಿ ಪ್ಲೇಟುಗಳನ್ನು ತಂದೆಯವರು ಸಂಬಳ ಬಂದ ದಿನಗಳಲ್ಲಿ ಒಂದೊಂದಾಗಿ ಕೊಂಡವರು. ಪ್ರತಿಯೊಂದರ ಹೊದಿಕೆಯ ಮೂಲೆಯಲ್ಲಿಯೂ ಅವರ ಸಣ್ಣ ಅಕ್ಷರಗಳಲ್ಲಿ ಕೊಂಡ ತಾರೀಖು ಬರೆದಿದೆ. ೧೯೬೩ರಲ್ಲಿ ಹೊರಬಂದ ಎಂ. ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ, ಭೀಮಸೇನ ಜೋಶಿಯವರ ಖಯಾಲುಗಳು, ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ವಾದನ, ಇವೆಲ್ಲವೂ ಅದರಲ್ಲಿವೆ. ಅರಗಿನ ಪ್ಲೇಟುಗಳಾದರೋ ನಮ್ಮ ತಾಯಿಯವರ ತವರಿನಿಂದ ಬಂದುವು. ಅವನ್ನು ಕೂಡಿಹಾಕಿದವರು ನಮ್ಮ ಮಾತಾಮಹರು.

ನಮ್ಮ ತಾಯಿಯವರಿಗೆ ಈಗ ಎಂಬತ್ತೆರಡು ವರ್ಷ. ಹುಡುಗಿಯಾಗಿದ್ದಾಗ ವೀಣೆಯನ್ನು ಕಲಿತವರು. ಬೆರಳು ಬಾಗದೆ ಹೋದ ಮೇಲೆ ಕೇಳುವುದರಲ್ಲಿಯೇ ತೃಪ್ತಿ ಪಟ್ಟವರು. ಮೂರು ವರ್ಷಗಳ ಹಿಂದೆ ಅವರ ಬಲಗಿವಿ ಪೂರ್ತಿಯಾಗಿ ಮಂದವಾಯಿತು. ಎಡಗಿವಿಯೂ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆಯೆಂದು ವೈದ್ಯರು ಹೇಳಿದರು. ಯಂತ್ರವನ್ನು ಕಿವಿಗೆ ಇಟ್ಟುಕೊಂಡರೆ ಮಾತು ತಿಳಿಯುತ್ತದೆ. ಸಂಗೀತವು ಇನ್ನೆಷ್ಟು ದಿನ ತಿಳಿದೀತೆಂಬುದನ್ನು ಅವರೂ ಹೇಳಲಾರದೆ ಹೋದರು. ಆ ದಿನ ಮನೆಗೆ ಬಂದ ಮೇಲೆ ಅಮ್ಮ ನಮ್ಮನ್ನು ಕರೆದು, “ಆ ಪೆಟ್ಟಿಗೇಲಿರೋದನ್ನ ಒಂದು ಸಲ ಪೂರ್ತಿ ಕೇಳಿಬಿಡಬೇಕು ಕಣಪ್ಪ,” ಎಂದರು. ಅವರು ನಮ್ಮನ್ನು ಏನನ್ನಾದರೂ ಕೇಳುವುದು ಬಹು ಅಪರೂಪ.

ಹಿಂದೆ ಮನೆಯಲ್ಲಿದ್ದ ರೇಡಿಯೋಗ್ರಾಮ್ ಪೆಟ್ಟಿಗೆಯು ಮೋಟಾರು ಸುಟ್ಟು, ಎಂದೋ ಗುಜರಿಯವನ ಪಾಲಾಗಿತ್ತು. ನಮ್ಮ ಮಗಳು, “ಅಜ್ಜಿಗೆ ಬೇಕಾದ್ದೆಲ್ಲ ಮೊಬೈಲಿನಲ್ಲೇ ಸಿಗುತ್ತಲ್ಲಪ್ಪಾ, ಯಂತ್ರ ಯಾಕೆ?” ಎಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅಮ್ಮನಿಗೆ ಬೇಕಾಗಿದ್ದುದು ಸುಪ್ರಭಾತವಷ್ಟೇ ಅಲ್ಲ. ಮೂಲೆಯಲ್ಲಿ ತಂದೆಯವರ ಅಕ್ಷರವಿದ್ದ ಹೊದಿಕೆಯಿಂದ ಹೊರಗೆ ತೆಗೆದು, ಒರಸಿ, ಇಟ್ಟು ಕೇಳತಕ್ಕ ಸುಪ್ರಭಾತ. ಇದನ್ನು ಹದಿನೆಂಟು ವರ್ಷದ ಹುಡುಗಿಗೆ ತಿಳಿಸುವ ಬಗೆ ನಮಗೆ ತೋರಲಿಲ್ಲ.

ಇಲ್ಲಿಯೇ ನಮ್ಮ ಮಿತವ್ಯಯವು ತಲೆಹಾಕಿತು. ಅಂಗಡಿಯೊಂದರಲ್ಲಿ, ಕೈಪೆಟ್ಟಿಗೆಯ ಆಕಾರದ, ಮುಚ್ಚಳ ತೆರೆದರೆ ಹಾಡತಕ್ಕ ಚೆಲುವಾದ ಯಂತ್ರವೊಂದನ್ನು ಕಂಡೆವು. ಬೆಲೆ ಐದು ಸಾವಿರ ರೂಪಾಯಿಗೂ ಕಡಿಮೆ. ಧ್ವನಿವರ್ಧಕವೂ ಅದರೊಳಗೇ, ೩೩, ೪೫, ೭೮ ಎಂಬ ಮೂರು ವೇಗಗಳೂ ಅದರಲ್ಲಿಯೇ. ಮೂರು ವೇಗಗಳಿಗೂ ಮುಳ್ಳು ಮಾತ್ರ ಒಂದೇ ಎಂಬುದನ್ನು ನಾವು ಗಮನಿಸಲಿಲ್ಲ. ಗಮನಿಸಿದ್ದರೂ ಅದರ ಅರ್ಥ ನಮಗೆ ಆಗ ತಿಳಿಯುತ್ತಿರಲಿಲ್ಲ. ಅದನ್ನು ತಂದು, ಅಮ್ಮನ ಮುಂದಿಟ್ಟು, ದೊರೆಸ್ವಾಮಿ ಅಯ್ಯಂಗಾರ್ಯರ ಪ್ಲೇಟನ್ನು ಹಾಕಿ, ಹೊಗಳಿಕೆಗಾಗಿ ಕಾದು ನಿಂತೆವು.

ಅಮ್ಮ ಎಡಗಿವಿಯನ್ನು ಯಂತ್ರದ ಕಡೆಗೆ ತಿರುಗಿಸಿ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ, “ಶ್ರುತಿ ಏರಿದೆ,” ಎಂದರು. “ಒಂದು ಮನೆಯಷ್ಟು ಏರಿಲ್ಲ, ಆದರೂ ಏರಿದೆ. ಇವರು ಹೀಗೆ ಅವಸರವಾಗಿ ನುಡಿಸೋವರಲ್ಲ.”

ಎಂಬತ್ತೆರಡು ವರ್ಷದ ಅರೆಗಿವಿಯ ಮಾತು ಎಂದು ನಾವು ಅದನ್ನು ತಳ್ಳಿಹಾಕಿದೆವು. ಇಷ್ಟೇ ಅಲ್ಲ, ಹದಿನೈದು ದಿನ ಅದೇ ಪ್ಲೇಟನ್ನು ಅದೇ ಯಂತ್ರದ ಮೇಲೆ ಪ್ರತಿ ಸಂಜೆಯೂ ಹಾಕಿದೆವು. ಕೊನೆಕೊನೆಗೆ ವೀಣೆಯ ನಾದದ ಜೊತೆಗೆ ಮರಳು ಜರಡಿಯಾಡಿದಂಥ ಶಬ್ದವೊಂದು ಸೇರಿಕೊಂಡಿತು. ಧೂಳೆಂದು ಒರಸಿದೆವು, ಹೋಗಲಿಲ್ಲ. ಅದೇ ಸಮಯಕ್ಕೆ ನಮ್ಮ ಹಳೆಯ ಸ್ನೇಹಿತರೊಬ್ಬರು ಮನೆಗೆ ಬಂದರು. ಇಂಜಿನಿಯರಾಗಿದ್ದು ನಿವೃತ್ತರಾದವರು; ಪ್ಲೇಟುಗಳ ವಿಷಯದಲ್ಲಿ ಬಹಳ ಬಲ್ಲವರು. ಅವರು ಯಂತ್ರವನ್ನು ನೋಡಿದೊಡನೆ ಮುಳ್ಳನ್ನು ಎತ್ತಿಬಿಟ್ಟರು. ಒಂದು ಚೂರು ಕಾಗದವನ್ನು ಪ್ಲೇಟಿನ ನಡುವಣ ಚೀಟಿಯ ಮೇಲೆ ಅಂಟಿಸಿ, ಕೈಗಡಿಯಾರವನ್ನು ಹಿಡಿದು, ಸುತ್ತುಗಳನ್ನು ಎಣಿಸಲು ನಮಗೆ ಹೇಳಿದರು. ನಿಮಿಷಕ್ಕೆ ೩೩⅓ ಎಂದರೆ ಮೂರು ನಿಮಿಷಕ್ಕೆ ಸರಿಯಾಗಿ ನೂರು ಸುತ್ತು. ನಾವು ಎಣಿಸಿದುದು ನೂರಮೂರು. ನೂರಕ್ಕೆ ಮೂರು ಪಾಲು ವೇಗ ಹೆಚ್ಚಿದರೆ ಶ್ರುತಿಯು ಸುಮಾರು ಅರ್ಧ ಸ್ವರಸ್ಥಾನದಷ್ಟು ಏರುತ್ತದೆ. ಅಮ್ಮ ಹೇಳಿದ್ದುದು ಅಕ್ಷರಶಃ ನಿಜ.

ಆಮೇಲೆ ಅವರು ಕಿಸೆಯಿಂದ ಅಕ್ಕಸಾಲಿಗರ ತಕ್ಕಡಿಯಂಥ ಒಂದು ಪುಟ್ಟ ವಿದ್ಯುತ್ ತಕ್ಕಡಿಯನ್ನು ತೆಗೆದು, ಮುಳ್ಳನ್ನು ಅದರ ಮೇಲೆ ಇಳಿಸಿದರು. ಆರು ಗ್ರಾಂ ತೋರಿತು. ಎಲ್‌ಪಿ ಪ್ಲೇಟಿಗೆ ಇರಬೇಕಾದುದು ಸುಮಾರು ಎರಡು ಗ್ರಾಂ. ಮೂರರಷ್ಟು ಭಾರದಿಂದ, ಅದೂ ಒರಟಾದ ಮುಳ್ಳಿನಿಂದ, ಹದಿನೈದು ದಿನ ನಾವು ಆ ವೀಣೆಯ ಪ್ಲೇಟನ್ನು ಉತ್ತಿದ್ದೆವು. ಸ್ನೇಹಿತರು ಮೆಲ್ಲನೆ, “ಇನ್ನೊಂದು ಪಕ್ಕ ಚೆನ್ನಾಗಿದೆ; ಈ ಪಕ್ಕ ಹೋಯಿತು,” ಎಂದರು. ಹೊದಿಕೆಯ ಮೂಲೆಯಲ್ಲಿದ್ದ ತಂದೆಯವರ ಅಕ್ಷರವನ್ನು ನೋಡಲು ನಮಗೆ ಮುಖವಿರಲಿಲ್ಲ. ಅಮ್ಮ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಆ ರಾತ್ರಿ ನಾವು ಮನೆಯಾಕೆಯೊಂದಿಗೆ ಕುಳಿತು ಲೆಕ್ಕ ಮಾಡಿದೆವು. ಒಳ್ಳೆಯ ಯಂತ್ರವು ಸ್ನೇಹಿತರ ಅಂದಾಜಿನಂತೆ ಮೂವತ್ತರಿಂದ ನಲವತ್ತು ಸಾವಿರ ರೂಪಾಯಿಗಳವರೆಗೆ ಬೀಳುತ್ತಿತ್ತು. ನಮ್ಮಲ್ಲಿ ಗೌರೀಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸುವುದಕ್ಕೆಂದು ಕೂಡಿಟ್ಟ ನಲವತ್ತು ಸಾವಿರವಿತ್ತು. ಮಳೆಗಾಲದಲ್ಲಿ ನಡುಮನೆಯ ಗೋಡೆಯ ಗಾರೆ ಉದುರಿ ಬಂದವರ ಕಣ್ಣಿಗೆ ಬೀಳುತ್ತಿತ್ತಾದ್ದರಿಂದ, ಆ ಹಣದ ಮೇಲೆ ಮನೆಯಾಕೆಗೆ ಬಹಳ ಆಸೆಯಿದ್ದಿತು. ನಾವು ಬಾಯಿ ತೆರೆಯುವುದಕ್ಕೆ ಮೊದಲೇ ಆಕೆ, “ಗೋಡೆ ಇನ್ನೊಂದು ವರ್ಷ ಕಾಯುತ್ತೆ, ಅತ್ತೆಯವರ ಕಿವಿ ಕಾಯೋಲ್ಲ. ನೀವು ಈ ಸಲವಾದರೂ ತಿಳಿದವರನ್ನ ಕೇಳಿ ತನ್ನಿ,” ಎಂದಳು. ಆ ಮಾತಿನ ಕೊನೆಯ ಭಾಗಕ್ಕೆ ನಾವು ಪಾತ್ರರಾಗಿಯೇ ಇದ್ದೆವು.

ಇನ್ನು ತಿಳಿದವರಿಂದ ನಾವು ಕಲಿತುದನ್ನು ಸಂಕ್ಷೇಪವಾಗಿ ಹೇಳುತ್ತೇವೆ.

ಪ್ಲೇಟಿನ ಮೇಲೆ ನಮಗೆ ಕಾಣತಕ್ಕ ಗೆರೆಗಳು ವಾಸ್ತವವಾಗಿ ಒಂದೇ ಗೆರೆ; ಅಂಚಿನಿಂದ ನಡುವಿನ ತನಕ ಸುಳಿಸುಳಿಯಾಗಿ ಹೋಗುವ ಒಂದು ಸಣ್ಣ ಕಾಲುವೆ. ಇಪ್ಪತ್ತೆರಡು ನಿಮಿಷ ನುಡಿಯತಕ್ಕ ಒಂದು ಪಕ್ಕದ ಗೆರೆಯನ್ನು ಬಿಚ್ಚಿ ನೇರವಾಗಿ ಎಳೆದರೆ ಸುಮಾರು ಅರ್ಧ ಕಿಲೋಮೀಟರ್ ಉದ್ದವಾದೀತು. ಅದರ ಅಗಲವಾದರೋ ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು. ಕಾಲುವೆಯ ಎರಡು ದಡಗಳಲ್ಲಿಯೂ ನಾದವು ಏರುತಗ್ಗುಗಳಾಗಿ ಕೊರೆದಿರುತ್ತದೆ. ವಜ್ರದ ಮುಳ್ಳು ಆ ದಡಗಳನ್ನು ಸವರುತ್ತ ಹೋಗುವಾಗ ನಡುಗುತ್ತದೆ. ಮುಳ್ಳು ಕುಳಿತಿರುವ ಸಣ್ಣ ಕಡ್ಡಿಯ ಮತ್ತೊಂದು ಕೊನೆಯಲ್ಲಿ ಅಯಸ್ಕಾಂತವೊಂದಿದ್ದು ಅದೂ ನಡುಗುತ್ತದೆ. ಅದರ ಬಳಿಯ ತಂತಿಯ ಸುರುಳಿಗಳಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುತ್ತದೆ. ಮುಳ್ಳು, ಕಡ್ಡಿ, ಅಯಸ್ಕಾಂತ, ಸುರುಳಿ, ಇಷ್ಟೂ ಸೇರಿದ ಹೆಬ್ಬೆರಳ ಉಗುರಿನಷ್ಟು ದೊಡ್ಡ ಪದಾರ್ಥಕ್ಕೆ ಕಾರ್ಟ್ರಿಜ್ ಎಂದು ಹೆಸರು. ಅಯಸ್ಕಾಂತದ ಬದಲು ಸುರುಳಿಯೇ ನಡುಗತಕ್ಕ ಇನ್ನೊಂದು ಜಾತಿಯೂ ಉಂಟು. ಅದು ಸೂಕ್ಷ್ಮವೆಂದು ಪ್ರಸಿದ್ಧವಾದರೂ ಬೆಲೆ ಹೆಚ್ಚು, ಹುಟ್ಟಿಸುವ ವಿದ್ಯುತ್ತು ಇನ್ನೂ ಕಡಿಮೆ. ಮುಳ್ಳು ಸವೆದರೆ ನಾವೇ ಬದಲಾಯಿಸಿಕೊಳ್ಳುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಮಧ್ಯಮ ಸ್ಥಿತಿಯ ಸಂಸಾರಕ್ಕೆ ಅಯಸ್ಕಾಂತದ ಜಾತಿಯೇ ಅನುಕೂಲ.

ಕಾರ್ಟ್ರಿಜ್ಜಿನಿಂದ ಹೊರಡುವ ವಿದ್ಯುತ್ತು ಒಂದು ವೋಲ್ಟಿನ ಸಾವಿರದ ನಾಲ್ಕೈದು ಪಾಲು ಮಾತ್ರ. ಮೇಲಾಗಿ, ಪ್ಲೇಟನ್ನು ಕೊರೆಯುವಾಗ ಮಂದ್ರದ ನಾದವನ್ನು ತಗ್ಗಿಸಿ ತಾರದ ನಾದವನ್ನು ಹೆಚ್ಚಿಸಿರುತ್ತಾರೆ. ಹಾಗೆ ಮಾಡದಿದ್ದರೆ ಮಂದ್ರಸ್ವರಗಳಿಗೆ ಗೆರೆಯು ಬಹಳ ಅಗಲವಾಗಿ ಸ್ಥಳ ಸಾಲದೆ ಹೋಗುತ್ತದೆ. ಈ ತಗ್ಗುಹೆಚ್ಚುಗಳ ಕ್ರಮವೊಂದು ಅಮೆರಿಕದಲ್ಲಿ ೧೯೫೪ರಲ್ಲಿ ಗೊತ್ತಾಗಿ, ಆಮೇಲೆ ಎಲ್ಲೆಲ್ಲಿಯೂ ಅದೇ ರೂಢಿಯಾಯಿತು. ಇದನ್ನು ಮತ್ತೆ ಸರಿಪಡಿಸಿ ಧ್ವನಿಯನ್ನು ಬಲಪಡಿಸುವುದಕ್ಕೆ ಫೋನೊ ಪ್ರಿಆಂಪ್ ಎಂಬ ಉಪಕರಣವು ಬೇಕು. ಕೆಲವು ಯಂತ್ರಗಳಲ್ಲಿ ಅದು ಒಳಗೇ ಇರುತ್ತದೆ. ಕೆಲವಕ್ಕೆ ಬೇರೆಯಾಗಿ ಕೊಳ್ಳಬೇಕು. ಬೆಲೆಯನ್ನು ಹೋಲಿಸುವಾಗ ಇದನ್ನು ಮರೆತರೆ ಲೆಕ್ಕ ತಪ್ಪುತ್ತದೆ.

ನಮ್ಮ ಸ್ನೇಹಿತರು ಅಂಗಡಿಗೆ ಹೊರಡುವುದಕ್ಕೆ ಮುಂಚೆ, “ಯಾವ ಯಂತ್ರ ಒಳ್ಳೆಯದು ಎಂದು ಕೇಳಬೇಡಿ; ನಿಮ್ಮ ಪೆಟ್ಟಿಗೆಯಲ್ಲಿ ಏನಿದೆ ಎಂದು ಮೊದಲು ನೋಡಿಕೊಳ್ಳಿ,” ಎಂದರು. ಈ ಒಂದು ಮಾತು ನಮ್ಮ ಕೆಲಸವನ್ನು ಅರ್ಧಕ್ಕೆ ಇಳಿಸಿತು. ಎಲ್‌ಪಿ ಪ್ಲೇಟು ೧೯೪೮ರಲ್ಲಿ ಅಮೆರಿಕದಲ್ಲಿ ಹುಟ್ಟಿದುದು, ವಿನೈಲಿನಿಂದ ಮಾಡಿದುದು. ಅದಕ್ಕೆ ಮುಂಚಿನ ೭೮ರ ಪ್ಲೇಟುಗಳು ಬಹುಮಟ್ಟಿಗೆ ಅರಗು ಮತ್ತು ಕಲ್ಲಿನ ಪುಡಿಗಳ ಮಿಶ್ರಣ. ನಮ್ಮ ದೇಶದ ಕಾಡುಗಳಲ್ಲಿ ಹುಳುಗಳು ಮರದ ಕೊಂಬೆಗೆ ಕಟ್ಟುವ ಅರಗೇ ಇದು. ಅವುಗಳ ಗೆರೆ ಎಲ್‌ಪಿಯ ಗೆರೆಯ ಸುಮಾರು ಮೂರರಷ್ಟು ಅಗಲ. ಎಲ್‌ಪಿಯ ಸಣ್ಣ ಮುಳ್ಳನ್ನು ಅದರಲ್ಲಿ ಇಟ್ಟರೆ ಕಾಲುವೆಯ ತಳಕ್ಕೆ ಬಿದ್ದು ಅಲ್ಲಿರುವ ಕಸವನ್ನೆಲ್ಲ ಕೇಳಿಸುತ್ತದೆ. ೭೮ರ ದಪ್ಪ ಮುಳ್ಳನ್ನು ಎಲ್‌ಪಿಯ ಮೇಲೆ ಇಟ್ಟರೆ ಗೆರೆಯು ಹಾಳಾಗುತ್ತದೆ. ಹಳೆಯ ಕಾಲದ ಕೀಲಿ ಕೊಡುವ ಗ್ರಾಮಫೋನಿನ ಉಕ್ಕಿನ ಮುಳ್ಳನ್ನಂತೂ ಎಲ್‌ಪಿಯ ಹತ್ತಿರಕ್ಕೂ ಸೇರಿಸಕೂಡದು. ಆದಕಾರಣ ಎರಡು ವಿಧದ ಪ್ಲೇಟುಗಳೂ ಇರುವ ಮನೆಗೆ ೭೮ರ ವೇಗವುಳ್ಳ ಯಂತ್ರವೂ, ಬದಲಾಯಿಸಲು ಬರತಕ್ಕ ಎರಡು ಮುಳ್ಳುಗಳೂ ಅವಶ್ಯ.

ನಮ್ಮ ಮುಂದೆ ಮೂರು ಯಂತ್ರಗಳು ಬಂದುವು. ಇಂಗ್ಲೆಂಡಿನ ರೇಗಾ ಸಂಸ್ಥೆಯವರ ಪ್ಲೇನಾರ್ ೨ ಎಂಬುದು ಮೊದಲನೆಯದು. ಕೀಲಿಗಳ ಆಡಂಬರವಿಲ್ಲದ ಸರಳವಾದ ಯಂತ್ರ. ಅದರ ತೋಳಿನ ಕೆಲಸವನ್ನು ಬಲ್ಲವರು ಮೆಚ್ಚುತ್ತಾರೆ. ಎಲ್‌ಪಿ ಮಾತ್ರ ಇದ್ದಿದ್ದರೆ ನಾವು ಅದನ್ನೇ ತರುತ್ತಿದ್ದೆವೋ ಏನೋ. ಆದರೆ ಅದಕ್ಕೆ ೭೮ರ ವೇಗವಿಲ್ಲ. ಪ್ರೋ-ಜೆಕ್ಟ್ ಅವರ ಡೆಬ್ಯೂ ಕಾರ್ಬನ್ ಇವೊ ಎಂಬುದು ಎರಡನೆಯದು. ಇದರಲ್ಲಿ ೩೩ ಮತ್ತು ೪೫ರ ವೇಗಗಳು ಗುಂಡಿ ಒತ್ತಿದರೆ ಬದಲಾಗುತ್ತವೆ. ೭೮ಕ್ಕೆ ಮಾತ್ರ ಬೇರೆ ಪಟ್ಟಿಯನ್ನು ಕೈಯಿಂದ ತೊಡಿಸಬೇಕು. ಒಳಗೆ ಫೋನೊ ಪ್ರಿಆಂಪ್ ಇಲ್ಲವಾದ್ದರಿಂದ ಅದರ ಖರ್ಚೂ ಸೇರಿ ನಮ್ಮ ಮಿತಿಯನ್ನು ದಾಟಿತು. ಮೂರನೆಯದು ಜಪಾನಿನ ಆಡಿಯೊ-ಟೆಕ್ನಿಕಾದವರ ಎಲ್‌ಪಿ೧೨೦ಎಕ್ಸ್. ಇದರಲ್ಲಿ ಪಟ್ಟಿಯಿಲ್ಲ, ಮೋಟಾರಿನ ಅಚ್ಚಿನ ಮೇಲೆಯೇ ತಟ್ಟೆಯು ತಿರುಗುತ್ತದೆ. ಮೂರು ವೇಗಗಳಿವೆ, ಪ್ರಿಆಂಪ್ ಒಳಗಿದೆ, ಭಾರವನ್ನು ಹೆಚ್ಚುಕಡಿಮೆ ಮಾಡಬಹುದಾದ ತೋಳಿದೆ. ನೋಟಕ್ಕೆ ರೇಗಾದಷ್ಟು ಸೊಗಸಲ್ಲ, ಕೀಲಿಗಳು ಬಹಳ. ಆದರೆ ಪೆಟ್ಟಿಗೆಯಲ್ಲಿದ್ದ ಅರುವತ್ತೆರಡು ಪ್ಲೇಟುಗಳನ್ನೂ ನುಡಿಸಬಲ್ಲದು. ಅದನ್ನೇ ನಿಶ್ಚಯಿಸಿದೆವು.

ಈ ಯಂತ್ರದ ಜೊತೆಗೆ ಬರುವುದು ವಿಎಂ೯೫ಇ ಎಂಬ ಕಾರ್ಟ್ರಿಜ್. ಈ ಮನೆತನದ ಕಾರ್ಟ್ರಿಜ್ಜುಗಳ ವಿಶೇಷವೇನೆಂದರೆ, ಒಡಲು ಒಂದೇ, ಮುಳ್ಳುಗಳು ಹಲವು. ಒಂದನ್ನು ಕಳಚಿ ಇನ್ನೊಂದನ್ನು ಸಿಕ್ಕಿಸಬಹುದು. ದುಂಡುಮೊನೆಯದು, ಅಂಡಾಕಾರದ್ದು, ಅದಕ್ಕಿಂತ ಸೂಕ್ಷ್ಮವಾದವು, ೭೮ರ ಅರಗಿನ ಪ್ಲೇಟಿಗೆಂದೇ ಮಾಡಿದ ಎಸ್‌ಪಿ ಎಂಬ ದಪ್ಪ ಮೊನೆಯದು, ಹೀಗೆ. ದುಂಡುಮೊನೆಯು ಕಡಿಮೆ ಬೆಲೆಯದು. ಆದರೆ ಗೆರೆಯ ಸಣ್ಣ ತಿರುವುಗಳೊಳಗೆ ಇಳಿಯಲಾರದು. ಈ ವ್ಯತ್ಯಾಸವು ಪ್ಲೇಟಿನ ಕೊನೆಯ ಹಾಡಿನಲ್ಲಿ ಹೆಚ್ಚಾಗಿ ತೋರುತ್ತದೆ. ಅದೇಕೆಂದರೆ ಹೊರ ಅಂಚಿನಲ್ಲಿ ಗೆರೆಯು ಮುಳ್ಳಿನ ಕೆಳಗೆ ಸೆಕೆಂಡಿಗೆ ಐವತ್ತು ಸೆಂಟಿಮೀಟರಿನಷ್ಟು ಓಡಿದರೆ, ಒಳಗೆ ಬಂದಾಗ ಇಪ್ಪತ್ತೊಂದರಷ್ಟು ಮಾತ್ರ ಓಡುತ್ತದೆ. ಅಷ್ಟೇ ನಾದವು ಅರ್ಧಕ್ಕಿಂತ ಕಡಿಮೆ ಸ್ಥಳದಲ್ಲಿ ಇಕ್ಕಟ್ಟಾಗಿ ಕುಳಿತಿರುತ್ತದೆ. ಅಂಡಾಕಾರದ ಮುಳ್ಳು ಅಲ್ಲಿ ಹೆಚ್ಚು ಸ್ಪಷ್ಟವಾಗಿ ನುಡಿಯುತ್ತದೆ. ಅದಕ್ಕೂ ಸೂಕ್ಷ್ಮವಾದ ಎಂಎಲ್ ಎಂಬ ಮುಳ್ಳು ಇನ್ನೂ ಮೇಲು. ತಯಾರಕರು ಹೇಳುವಂತೆ ಇ ಮುಳ್ಳಿನ ಆಯುಸ್ಸು ಮುನ್ನೂರು ಗಂಟೆಯಾದರೆ ಎಂಎಲ್ ಮುಳ್ಳಿನದು ಸಾವಿರ ಗಂಟೆ. ಆದರೆ ಹೊಸದಾಗಿ ಕೈ ಕೂಡಿಸುವವರು ಕೂಡಲೇ ಅದನ್ನು ತಂದು, ಅಜಾಗ್ರತೆಯಿಂದ ಮುರಿದುಕೊಳ್ಳುವುದಕ್ಕಿಂತ, ಜೊತೆಗೆ ಬಂದ ಮುಳ್ಳು ಸವೆದ ಮೇಲೆ ಅದನ್ನು ಕೊಳ್ಳುವುದು ಲೇಸೆಂದು ಸ್ನೇಹಿತರು ಹೇಳಿದರು. ಉಳಿದ ಹಣದಲ್ಲಿ ಎಸ್‌ಪಿ ಮುಳ್ಳನ್ನೂ, ಕೂದಲಿನ ಒಂದು ಬ್ರಷ್ಷನ್ನೂ, ಅವರ ಹತ್ತಿರವಿದ್ದಂಥ ಪುಟ್ಟ ತಕ್ಕಡಿಯನ್ನೂ ಕೊಂಡೆವು. ಹಾಡುಪೆಟ್ಟಿಗೆಗಳಿಗೆ ಮನೆಯಲ್ಲಿದ್ದ ಹಳೆಯವೇ ಸಾಕಾದುವು.

ಯಂತ್ರವು ಮನೆಗೆ ಬಂದರೆ ಅಲ್ಲಿಗೆ ಕೆಲಸ ಮುಗಿಯಿತೆಂದು ತಿಳಿಯತಕ್ಕದ್ದಲ್ಲ. ಕಡಪದ ಕಲ್ಲಿನ ಹಲಗೆಯೊಂದನ್ನು ಗೋಡೆಯ ಗೂಡಿನಲ್ಲಿ ಹಾಸಿ, ಗಾರೆಯವರ ರಸಮಟ್ಟವನ್ನು ಇಟ್ಟು ನೋಡಿ, ಅದರ ಮೇಲೆ ಯಂತ್ರವನ್ನು ಕೂಡಿಸಿದೆವು. ನೆಲದ ಮೇಲಿನ ಮೇಜಿನಲ್ಲಿಟ್ಟರೆ ಮಕ್ಕಳು ನಡೆದಾಡಿದಾಗ ಮುಳ್ಳು ಎಗರುವ ಭಯ. ತೋಳಿನ ಹಿಂದಿನ ತೂಕವನ್ನು ಮೊದಲು ತೋಳು ಗಾಳಿಯಲ್ಲಿ ಸಮವಾಗಿ ತೇಲುವಂತೆ ತಿರುಗಿಸಿ, ಆಮೇಲೆ ಎಲ್‌ಪಿಯ ಮುಳ್ಳಿಗೆ ಎರಡು ಗ್ರಾಂ ಬರುವಂತೆ ಇಟ್ಟೆವು. ಎಸ್‌ಪಿ ಮುಳ್ಳಿಗೆ ತಯಾರಕರು ಹೇಳುವುದು ಐದು ಗ್ರಾಂ. ತೋಳಿನ ಮೇಲಣ ಅಂಕಿಗಳು ನಾಲ್ಕಕ್ಕೇ ಮುಗಿಯುವುದರಿಂದ ಅದನ್ನು ತಕ್ಕಡಿಯಿಂದಲೇ ಗೊತ್ತುಮಾಡಬೇಕು. ಭಾರವು ತೀರ ಕಡಿಮೆಯಾದರೂ ಕೇಡೇ; ಮುಳ್ಳು ಗೆರೆಯಲ್ಲಿ ನಿಲ್ಲದೆ ದಡಗಳಿಗೆ ಬಡಿಯುತ್ತದೆ. ತಟ್ಟೆ ತಿರುಗುವಾಗ ತೋಳು ಒಳಗಡೆಗೆ ಎಳೆಯಲ್ಪಡುವುದರಿಂದ, ಅದನ್ನು ತಡೆಯುವ ಸಣ್ಣ ಕೀಲಿಯೊಂದಿದೆ. ಅದನ್ನೂ ಮುಳ್ಳಿನ ಭಾರಕ್ಕೆ ಹೊಂದಿಸಿದೆವು. ಕಾಗದದ ಚೂರನ್ನು ಅಂಟಿಸಿ ಎಣಿಸಿದೆವು: ಮೂರು ನಿಮಿಷಕ್ಕೆ ನೂರು, ಹೆಚ್ಚಿಲ್ಲ, ಕಡಿಮೆಯಿಲ್ಲ.

ಪ್ಲೇಟುಗಳನ್ನು ಶುಚಿಮಾಡುವಾಗ ಗೃಹಿಣಿಯರು ಒಂದು ವಿಷಯವನ್ನು ನೆನಪಿನಲ್ಲಿಡಬೇಕು. ಅರಗಿನ ಪ್ಲೇಟಿಗೆ ಸ್ಪಿರಿಟ್ಟನ್ನು ಎಂದಿಗೂ ತಗಲಿಸಬಾರದು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ತುಸು ಸಾಬೂನಿನ ಶುದ್ಧ ನೀರಿನಲ್ಲಿ, ನಡುವಣ ಚೀಟಿ ನೆನೆಯದಂತೆ, ಮೆತ್ತನೆಯ ಬಟ್ಟೆಯಿಂದ ಗೆರೆಯ ಜಾಡಿನಲ್ಲಿಯೇ ಒರಸಿ, ಬರಿಯ ನೀರಿನಿಂದ ಮತ್ತೊಮ್ಮೆ ಒರಸಿ, ನೆರಳಿನಲ್ಲಿ ಆರಿಸಬೇಕು. ಎಲ್‌ಪಿಯನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಬೇಕು. ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಒಂದು ಶುಕ್ರವಾರ ಸಂಜೆ, ದೀಪ ಹಚ್ಚಿದ ತರುವಾಯ, ಅಮ್ಮನನ್ನು ಕುರ್ಚಿಯಲ್ಲಿ ಕೂಡಿಸಿ, ಹಾಡುಪೆಟ್ಟಿಗೆಯೊಂದನ್ನು ಅವರ ಎಡಗಡೆಗೆ ಸರಿಸಿ, ಮೊದಲು ಯಾವುದನ್ನು ಹಾಕಲೆಂದು ಕೇಳಿದೆವು. ಅವರು ತವರಿನ ಅರಗಿನ ಪ್ಲೇಟುಗಳಲ್ಲಿ ಒಂದನ್ನು ತೋರಿಸಿದರು. ಅದು ಗೌಹರ್ ಜಾನ್ ಅವರದು.

ಈ ಹೆಸರು ಹೊಸಬರಿಗೆ ತಿಳಿಯದಿರಬಹುದು. ನಮ್ಮ ದೇಶದಲ್ಲಿ ಪ್ಲೇಟಿಗೆ ಹಾಡಿದ ಮೊದಲಿಗರಲ್ಲಿ ಆಕೆ ಅತ್ಯಂತ ಪ್ರಸಿದ್ಧರಾದವರು; ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಹಾಡಿದರು. ಆಗ ಪ್ಲೇಟುಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಹಾಡಿದವರು ಯಾರೆಂದು ತಿಳಿಯಲೆಂದು, ಗಾಯಕರು ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಮಹಾರಾಜ ಕೃಷ್ಣರಾಜ ಒಡೆಯರ್ ಅವರು ೧೯೨೮ರಲ್ಲಿ ಆಕೆಯನ್ನು ಮೈಸೂರಿನ ಆಸ್ಥಾನಕ್ಕೆ ಬರಮಾಡಿಕೊಂಡರು. ಆಕೆ ೧೯೩೦ರ ಜನವರಿಯಲ್ಲಿ ಈ ಊರಿನಲ್ಲಿಯೇ ಕಾಲವಾದರು. ನಮ್ಮ ಮಾತಾಮಹರು ಆ ದಿನಗಳಲ್ಲಿ ಆಕೆಯ ಪ್ಲೇಟನ್ನು ಎಲ್ಲಿಂದಲೋ ಸಂಪಾದಿಸಿದ್ದರಂತೆ.

ಎಸ್‌ಪಿ ಮುಳ್ಳನ್ನು ಸಿಕ್ಕಿಸಿ, ತಕ್ಕಡಿಯಲ್ಲಿ ತೂಗಿ, ವೇಗವನ್ನು ೭೮ಕ್ಕೆ ತಿರುಗಿಸಿ, ತೋಳನ್ನು ಇಳಿಸಿದೆವು. ಮೊದಲು ಮಳೆ ಸುರಿದಂಥ ಶಬ್ದ. ಅದರೊಳಗಿಂದ ಆ ಹೆಂಗಸಿನ ಕಂಠ. ನೂರು ವರ್ಷಕ್ಕೂ ಹಿಂದಿನ ಉಸಿರು. ಎಷ್ಟೋ ಉಕ್ಕಿನ ಮುಳ್ಳುಗಳು ಆ ಪ್ಲೇಟಿನ ಮೇಲೆ ಹಾಯ್ದಿದ್ದುವು. ಆದರೂ ತಾನು ತಿರುವುಗಳಲ್ಲಿ ನಿಂತು ನಿಂತು ಕೇಳಿಸಿತು. ಅಮ್ಮ ಕಣ್ಣು ಮುಚ್ಚಿದ್ದರು. ಅವರಿಗೆ ಕೇಳಿಸುತ್ತಿದೆಯೋ ಇಲ್ಲವೋ ಎಂದು ನಮಗೆ ತಿಳಿಯಲಿಲ್ಲ. ಹಾಡು ಮುಗಿಯಿತು, ಆ ಹೆಂಗಸು ಹೆಸರನ್ನು ಹೇಳುವುದಕ್ಕೆ ಅರೆಗಳಿಗೆ ಮುಂಚೆ, ಅಮ್ಮ ಅದೇ ಇಂಗ್ಲಿಷ್ ಮಾತನ್ನು ಅದೇ ಎಳೆತದಲ್ಲಿ ಹೇಳಿಬಿಟ್ಟರು. ಆದರೆ ಗೌಹರ್ ಜಾನ್ ಎನ್ನುವ ಸ್ಥಳದಲ್ಲಿ ತಮ್ಮ ಹೆಸರನ್ನು ಹೇಳಿದರು. ನಾವು ಬೆರಗಾಗಿ ನೋಡಿದೆವು. “ನಾಲ್ಕು ವರ್ಷದವಳಿದ್ದಾಗ ಹಾಗೇ ಹೇಳ್ತಿದ್ದೆ. ನಮ್ಮಪ್ಪ ನಕ್ಕು ನಕ್ಕು ಇನ್ನೊಂದು ಸಲ ಕೀಲಿ ಕೊಡ್ತಿದ್ದರು,” ಎಂದರು. ನಮ್ಮ ಮಗಳು ಮೊಬೈಲನ್ನು ಕೆಳಗಿಟ್ಟು ಅಜ್ಜಿಯ ಕಾಲ ಬಳಿ ಬಂದು ಕುಳಿತಳು.

ಅಂದಿನಿಂದ ಪ್ರತಿ ಸಂಜೆಯೂ ಒಂದು ಪ್ಲೇಟು. ಅರುವತ್ತೆರಡೂ ಒಂದು ಸಲ ಮುಗಿದು, ಈಗ ಎರಡನೆಯ ಸುತ್ತು ನಡೆಯುತ್ತಿದೆ. ಅಮ್ಮನಿಗೆ ಕೆಲವು ದಿನ ಚೆನ್ನಾಗಿ ಕೇಳಿಸುತ್ತದೆ. ಕೆಲವು ದಿನ ಬರಿಯ ಲಯ ಮಾತ್ರ ತಿಳಿಯುತ್ತದೆ. ಅಂಥ ದಿನಗಳಲ್ಲಿ ಅವರು ಹಾಡುಪೆಟ್ಟಿಗೆಯ ಮೇಲೆ ಅಂಗೈಯಿಟ್ಟುಕೊಂಡು ಕುಳಿತಿರುತ್ತಾರೆ. ನಾವು ಹಾಳುಮಾಡಿದ ವೀಣೆಯ ಪ್ಲೇಟಿನ ಸರದಿ ಬಂದ ದಿನ ನಾವು ಒಳ್ಳೆಯ ಪಕ್ಕವನ್ನು ಮಾತ್ರ ನುಡಿಸಿ ಎತ್ತಿಡಹೋದೆವು. ಅಮ್ಮ ಬಿಡಲಿಲ್ಲ. “ತಿರುಗಿಸಿ ಹಾಕು. ನಿಮ್ಮಪ್ಪ ಒಂದು ಪಕ್ಕ ಕೇಳಿ ಎದ್ದವರಲ್ಲ,” ಎಂದರು. ಮರಳಿನ ಶಬ್ದ ಅವರಿಗೆ ಕೇಳಿಸಿತೋ ಇಲ್ಲವೋ ನಾವು ಕೇಳಲ್ಲಿಲ್ಲ. ಶ್ರುತಿ ಮಾತ್ರ ಈ ಸಲ ಸರಿಯಾಗಿದೆಯೆಂದು ಅವರೇ ಹೇಳಿದರು.

ಈ ವರ್ಷದ ಗೌರೀಹಬ್ಬಕ್ಕೆ ನಮ್ಮ ನಡುಮನೆಯ ಗೋಡೆ ಹಾಗೆಯೇ ಇತ್ತು. ಬಂದ ಮುತ್ತೈದೆಯರು ನೋಡಿಯೂ ನೋಡದವರಂತೆ ಅರಿಸಿನ ಕುಂಕುಮ ತೆಗೆದುಕೊಂಡು ಹೋದರು. ಮನೆಯಾಕೆ ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ.

ಮನೆಯಲ್ಲಿ ಹಳೆಯ ಪ್ಲೇಟುಗಳೂ ಹಳೆಯ ಕಿವಿಗಳೂ ಇರತಕ್ಕ ಗೃಹಸ್ಥರು ಮೊದಲು ಪೆಟ್ಟಿಗೆಯನ್ನು ತೆರೆದು ಏನೇನಿದೆಯೆಂದು ನೋಡಲಿ, ಸುತ್ತನ್ನು ಎಣಿಸಲಿ, ಮುಳ್ಳನ್ನು ತೂಗಲಿ, ಅಗ್ಗದ ಯಂತ್ರದ ಮೇಲೆ ಒಂದು ದಿನವೂ ಪ್ಲೇಟನ್ನು ಇಡದಿರಲಿ. ಈ ಕೆಲಸವನ್ನು ಮುಂದಿನ ಹಬ್ಬಕ್ಕೆ ಎಂದು ತಳ್ಳದೆ ಬೇಗನೆ ಮಾಡಲಿ ಎಂದು ವಿಜ್ಞಾಪಿಸಿ ಈ ಲೇಖನವನ್ನು ಮುಗಿಸುತ್ತೇವೆ.